ಲೋಟಸ್ ಎಲಾನ್: ಕೊಳ್ಳುವ ಮೊದಲು, ಓಡಿಸುವ ಮೊದಲು

ನಮ್ಮ ಹಳೆಯ ಮಾರುತಿ 800ರ ತೂಕ ಸುಮಾರು 650 ಕೆಜಿ, ಶಕ್ತಿ ನಲವತ್ತು ಅಶ್ವಶಕ್ತಿಗೂ ಕಡಿಮೆ. ಹೆಚ್ಚುಕಡಿಮೆ ಅಷ್ಟೇ ತೂಕದ ಕಾರಿಗೆ ಸುಮಾರು ನೂರು ಅಶ್ವಶಕ್ತಿಯ ಇಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಕೊಟ್ಟು 1962ರಲ್ಲೇ ಮಾರಾಟಕ್ಕಿಟ್ಟವರು ಇಂಗ್ಲೆಂಡಿನ ಲೋಟಸ್ ಕಂಪನಿಯವರು. ಅದೇ ಎಲಾನ್. 1973ರವರೆಗೆ ತಯಾರಾದ ಈ ಎರಡು ಸೀಟಿನ ಕಾರು ಇಂದಿಗೂ ಇಂಗ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಭಾನುವಾರದ ಬೆಳಗ್ಗೆ ಕಾಣಸಿಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಳೆಯ ಕಾರುಗಳ ಗೀಳು ಹಿಡಿದವರು ಇದ್ದಾರೆ. ಅವರು ಕೈಯಲ್ಲಿ ಹಣ ಹಿಡಿದು ನೋಡಲು ಹೊರಡುವ ಮುನ್ನ ಇದನ್ನು ಓದಲಿ.

ಎಲಾನ್ ಏಕೆ ಹಗುರವಾಯಿತು ಎನ್ನುವುದು ತಿಳಿದರೆ ಅದು ಎಲ್ಲಿ ಕೆಡುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ. ಲೋಟಸ್ ಸ್ಥಾಪಕ ಕಾಲಿನ್ ಚಾಪ್ಮನ್‌ಗೆ ಬೇಡದ ತೂಕ ಕಂಡರೆ ಆಗುತ್ತಿರಲಿಲ್ಲ. ಒಂದೇ ಭಾಗ ಎರಡು ಮೂರು ಕೆಲಸ ಮಾಡಬೇಕು, ಕೆಲಸಕ್ಕೆ ಬೇಕಾದಷ್ಟೇ ದಪ್ಪ ಇರಬೇಕು ಎನ್ನುವುದು ಅವನ ಹಟ. ಎಲಾನ್‌ಗಿಂತ ಮೊದಲಿನ ಎಲೀಟ್ ಕಾರಿಗೆ ಚಾಸಿಯೇ ಇರಲಿಲ್ಲ, ಇಡೀ ಬಾಡಿ ಫೈಬರ್‌ಗ್ಲಾಸ್. ಅದನ್ನು ತಯಾರಿಸುವುದರಲ್ಲಿ ಕಂಪನಿ ಕೈಸುಟ್ಟುಕೊಂಡಿತು. ಎಲಾನ್ ವಿನ್ಯಾಸದ ಹೊಣೆ ಹೊತ್ತವನು ರಾನ್ ಹಿಕ್ಮನ್. ಮುಂದೆ ಮರಗೆಲಸದವರ ಮಡಚುವ ಬೆಂಚು ‘ವರ್ಕ್‌ಮೇಟ್’ ಕಂಡುಹಿಡಿದು ಹೆಸರು ಮಾಡಿದವನೂ ಇವನೇ. ಈ ಕಾರಿಗೆ ತೆಳು ಉಕ್ಕಿನ ತಗಡನ್ನು ಮಡಚಿ ಬೆಸೆದ ಒಂದು ಬೆನ್ನೆಲುಬು ಚಾಸಿ ಬಂತು. ಕಾರಿನ ನಟ್ಟನಡುವೆ ಪೆಟ್ಟಿಗೆಯ ಹಾಗೆ ಹಾದುಹೋಗಿ, ಮುಂದೆ ಕವಲೊಡೆದು ಇಂಜಿನ್ನನ್ನೂ ಹಿಂದೆ ಕವಲೊಡೆದು ಡಿಫರೆನ್ಷಿಯಲ್ಲನ್ನೂ ಹಿಡಿಯುವ ಈ ಚಾಸಿಯ ತೂಕ ಸುಮಾರು 34 ಕೆಜಿ. ಇಬ್ಬರು ಎತ್ತಿ ಬದಿಗಿಡಬಹುದು. ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿಯನ್ನು ಬೋಲ್ಟುಗಳಲ್ಲಿ ಬಿಗಿದಿದ್ದಾರೆ.

ಇಂಜಿನ್ 1558 ಸಿಸಿ. ಕೆಳಗಿನ ಬ್ಲಾಕ್ ಸಾಮಾನ್ಯ ಫೋರ್ಡ್‌ದು, ಮೇಲಿನ ಎರಡು ಕ್ಯಾಮ್‌ಶಾಫ್ಟಿನ ಅಲ್ಯೂಮಿನಿಯಂ ಹೆಡ್ಡನ್ನು ಲೋಟಸ್‌ಗಾಗಿ ವಿನ್ಯಾಸ ಮಾಡಿದವನು ಹ್ಯಾರಿ ಮಂಡಿ. ಮುಂದಿನ ಸಸ್ಪೆನ್ಷನ್ನಿನ ಮುಖ್ಯ ಭಾಗಗಳೂ ಸ್ಟಿಯರಿಂಗ್ ರ‍್ಯಾಕೂ ಟ್ರಯಂಫ್ ಹೆರಾಲ್ಡ್ ಬಳಗದಿಂದ ಬಂದವು. ಅದೇ ಹೆರಾಲ್ಡ್ 1960ರ ದಶಕದಲ್ಲಿ ಮದ್ರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಹೆಸರಿನಲ್ಲಿ ತಯಾರಾಗಿ ನಮ್ಮ ಊರುಗಳಲ್ಲೂ ಓಡಾಡಿತು. ಅದರ ಕೆಳಗೆ ಮಲಗಿ ಕೆಲಸ ಮಾಡಿದ ಹಳೆಯ ಮೇಸ್ತ್ರಿ ಯಾರಾದರೂ ಎಲಾನ್‌ನ ಮುಂಚಕ್ರ ಬಿಚ್ಚಿದರೆ ಅರ್ಧ ಭಾಗಗಳ ಗುರುತು ಹಿಡಿದಾರು.

ಯಾವ ಮಾದರಿ?

ಮಾದರಿಗಳ ವಿಷಯದಲ್ಲಿ ತೀರ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲ ಎರಡು ಸರಣಿಗಳು ಹೆಚ್ಚು ಸರಳ, ಹೆಚ್ಚು ಹಗುರ. 1965ರಲ್ಲಿ ಗಟ್ಟಿ ಮೇಲ್ಛಾವಣಿಯ ಕೂಪೆ ಬಂತು. ಮೂರನೆಯ ಸರಣಿಯಿಂದಾಚೆ ಬಾಗಿಲ ಗಾಜಿಗೆ ಚೌಕಟ್ಟು, ವಿದ್ಯುತ್ ಕಿಟಕಿಗಳಂಥ ಸೌಕರ್ಯ ಸೇರಿದವು. 1971ರ ಸ್ಪ್ರಿಂಟ್‌ನಲ್ಲಿ ದೊಡ್ಡ ವಾಲ್ವಿನ ಹೆಡ್ ಕೂತು ಶಕ್ತಿ 126ಕ್ಕೆ ಏರಿತು. ಅದಕ್ಕೇ ಬೆಲೆ ಹೆಚ್ಚು, ಅದಕ್ಕೇ ನಕಲಿಗಳೂ ಹೆಚ್ಚು. ನಾಲ್ಕನೆಯ ಸರಣಿಯ ಸಾಧಾರಣ ಕಾರಿಗೆ ಎರಡು ಬಣ್ಣ ಬಳಿದು ‘ಬಿಗ್ ವಾಲ್ವ್’ ಎಂದು ಬರೆದ ಕವರು ಹಾಕಿದರೆ ನೋಡುವವರ ಕಣ್ಣಿಗೆ ಅದೂ ಸ್ಪ್ರಿಂಟೇ. ಹಾಗಾಗಿ ಸ್ಪ್ರಿಂಟ್ ಎಂದು ಹೆಚ್ಚು ಬೆಲೆ ಕೇಳಿದರೆ ಚಾಸಿ ನಂಬರು, ಇಂಜಿನ್ ನಂಬರು ಬರೆದುಕೊಂಡು ಲೋಟಸ್ ಕಂಪನಿಯೇ ಕೊಡುವ ಮೂಲ ದಾಖಲೆಯ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ. ಮಾರುವವರು ಸಬೂಬು ಹೇಳಿದರೆ ಹೊರಟುಬನ್ನಿ.

ಮಕ್ಕಳಿರುವವರಿಗೆ 1967ರಿಂದ ಬಂದ ‘ಪ್ಲಸ್ ಟು’ ಇದೆ. ಹಿಂದೆ ಎರಡು ಪುಟ್ಟ ಸೀಟು, ಬೆಲೆಯೂ ಕಡಿಮೆ. ಶುದ್ಧ ಎಲಾನ್ ಅಲ್ಲವೆಂದು ಮೂಗು ಮುರಿಯುವವರಿದ್ದಾರೆ. ಆ ಮೂಗು ಮುರಿತದಿಂದಲೇ ಬೆಲೆ ಇಳಿದಿದೆ ಎಂದುಕೊಂಡು ಖುಷಿಪಡಿ. ಚೆನ್ನಾಗಿರುವ ಎರಡು ಸೀಟಿನ ಎಲಾನ್‌ಗೆ ಈಚಿನ ವರ್ಷಗಳಲ್ಲಿ 30,000 ಪೌಂಡಿನ ಆಚೀಚೆ ಕೇಳುತ್ತಾರೆ. ಅಷ್ಟು ಕೈಗೆಟುಕದಿದ್ದರೆ ಆಸ್ಟಿನ್-ಹೀಲಿ ಸ್ಪ್ರೈಟ್, ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್ ಇವೆ. ಅವೂ ಹಗುರ, ಬಿಡಿಭಾಗ ಅಗ್ಗ. ಆದರೆ ಅವುಗಳ ಬಾಡಿ ಉಕ್ಕಿನದು, ಕಾರಿಡೀ ತುಕ್ಕು ಹುಡುಕಬೇಕು.

ಇನ್ನೊಂದು ಸಂಗತಿ. ಆ ಕಾಲದ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. 1973ರ ಏಪ್ರಿಲ್‌ನಲ್ಲಿ ವ್ಯಾಟ್ ಬರುವವರೆಗೂ ಎಷ್ಟೋ ಎಲಾನ್‌ಗಳು ಕಿಟ್ ರೂಪದಲ್ಲಿ ಮಾರಾಟವಾಗಿ, ಕೊಂಡವರ ಮನೆಯ ಗ್ಯಾರೇಜಿನಲ್ಲೇ ಜೋಡಣೆಯಾದವು. ಆದ್ದರಿಂದ ಒಂದೇ ವರ್ಷದ ಎರಡು ಕಾರುಗಳಲ್ಲಿ ವೈರು, ಪೈಪು, ಕ್ಲಿಪ್ಪುಗಳು ಬೇರೆ ಬೇರೆ ಕಡೆ ಹಾದಿದ್ದರೆ ಗಾಬರಿಯಾಗಬೇಡಿ.

ಮೊದಲು ಚಾಸಿ

ಎಲಾನ್ ನೋಡಲು ಹೋದವರ ಕಣ್ಣು ಸಹಜವಾಗಿ ಬಣ್ಣದ ಮೇಲೆ, ಮರದ ಸ್ಟಿಯರಿಂಗ್ ಮೇಲೆ, ಜೋಡಿ ವೆಬರ್ ಕಾರ್ಬೊರೇಟರ್ ಮೇಲೆ ಬೀಳುತ್ತದೆ. ನೀವು ಮಾತ್ರ ಕಾರಿನ ಕೆಳಗೆ ಹೋಗಿ. ಜಾಕ್ ಇಟ್ಟು ಎತ್ತುವಾಗ ಜಾಕು ಚಾಸಿಗೆ ಅಥವಾ ಕಂಪನಿ ಹೇಳಿದ ಜಾಗಕ್ಕೆ ತಾಗಬೇಕು. ಫೈಬರ್ ನೆಲಕ್ಕೆ ತಾಗಿದರೆ ನೆಲ ಸೀಳುತ್ತದೆ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ತೂರಬೇಡಿ, ಸ್ಟ್ಯಾಂಡ್ ಕೊಡಿಸಿ.

ಬಾಡಿ ತುಕ್ಕು ಹಿಡಿಯುವುದಿಲ್ಲ ಎನ್ನುವುದೇ ಎಲಾನ್ ಕೊಳ್ಳುವವರಿಗೆ ಆಗುವ ದೊಡ್ಡ ಮೋಸ. ಮೇಲೆ ಎಲ್ಲ ಥಳಥಳ, ಕೆಳಗೆ ಚಾಸಿ ಕಾಗದದಷ್ಟು ತೆಳ್ಳಗಾಗಿರಬಹುದು. ಮೂಲ ಚಾಸಿಯಲ್ಲಿ ಮೊದಲು ಕೆಡುವುದು ಮುಂದಿನ ಅಡ್ಡಪಟ್ಟಿ ಮತ್ತು ಅದರ ಎರಡು ತುದಿಯಲ್ಲಿ ಸಸ್ಪೆನ್ಷನ್ ಹಿಡಿಯುವ ಗೋಪುರದಂಥ ಭಾಗ. ಹೆಡ್‌ಲೈಟು ಎತ್ತಲು ಬೇಕಾದ ನಿರ್ವಾತ ತುಂಬಿಡುವ ತೊಟ್ಟಿಯೂ ಇದೇ ಅಡ್ಡಪಟ್ಟಿ. ಒಂದೇ ಭಾಗಕ್ಕೆ ಎರಡು ಕೆಲಸ, ಚಾಪ್ಮನ್‌ಗೆ ಇಷ್ಟವಾದ ಲೆಕ್ಕ. ಅದರ ಆಸುಪಾಸು ನೀರು ನಿಂತು ತುಕ್ಕು ಹತ್ತಿತೆಂದರೆ ಹೆಡ್‌ಲೈಟೂ ಮೇಲೇಳದು, ಸಸ್ಪೆನ್ಷನ್ನಿನ ಬುಡವೂ ಬಿರುಕು ಬಿಡುತ್ತದೆ. ಮುಂಚಕ್ರವನ್ನು ಅಲುಗಿಸಿ ನೋಡಿ, ಗೋಪುರದ ಬುಡದಲ್ಲಿ ಟಾರ್ಚ್ ಬಿಟ್ಟು ಬಿರುಕು ಹುಡುಕಿ, ಮೇಲೆ ತೇಪೆ ಹಾಕಿ ದಪ್ಪಗೆ ಕಪ್ಪು ಬಳಿದಿದ್ದರೆ ಅನುಮಾನಪಡಿ. ಆಮೇಲೆ ಹಿಂದಕ್ಕೆ ಹೋಗಿ ಡಿಫರೆನ್ಷಿಯಲ್ ಕೂತ ಜಾಗ, ಹಿಂಚಕ್ರದ ವಿಶ್‌ಬೋನ್‌ಗಳನ್ನು ನೋಡಿ. ಮಧ್ಯದ ಪೆಟ್ಟಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ: ಇಂಜಿನ್ನೂ ಗೇರ್‌ಬಾಕ್ಸೂ ಸುರಿಸಿದ ಎಣ್ಣೆಯಲ್ಲಿ ಅದಕ್ಕೆ ವರ್ಷವಿಡೀ ಅಭ್ಯಂಜನ.

ಬದಲಿ ಚಾಸಿ ಹಾಕಿದ ಕಾರು ಸಿಕ್ಕರೆ ಬೇಸರ ಬೇಡ. ಸತು ಲೇಪಿಸಿದ ಚಾಸಿಯನ್ನು ಲೋಟಸ್ ಕಂಪನಿಯೇ ಮುಂದೆ ಒದಗಿಸಿತು. ಬೇರೆಯವರು ಕೊಳವೆ ಜೋಡಿಸಿ ಮಾಡಿದ ಚಾಸಿಗಳೂ ಇವೆ. ಮೂಲ ಚಾಸಿಯೇ ಬೇಕೆಂಬುದು ಸಂಗ್ರಾಹಕರ ಚಪಲ. ಓಡಿಸುವವರಿಗೆ ಸತು ಲೇಪಿಸಿದ ಲೋಟಸ್ ಚಾಸಿಯೇ ಮೇಲು. ಯಾರು ಹಾಕಿದರು, ಯಾವ ವರ್ಷ, ಬಿಲ್ಲು ಇದೆಯೇ ಎಂದು ಕೇಳಿದರೆ ಸಾಕು.

ಬಾಡಿಯ ವಿಷಯ ಬೇರೆ ಥರದ್ದು. ಬಾಗಿಲ ಕೀಲು, ದೀಪದ ಗೂಡು, ಚಕ್ರದ ಕಮಾನುಗಳ ಸುತ್ತ ಜೇಡರ ಬಲೆಯ ಗೆರೆಗಳು ಕಂಡರೆ ಬಣ್ಣದ ಕೆಳಗಿನ ಪದರ ಒಡೆದಿದೆ ಎಂದರ್ಥ. ಮೇಲೆ ಬಣ್ಣ ಬಳಿದರೆ ವರ್ಷದೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸರಿಯಾಗಿ ಕೆರೆದು, ಹೊಸ ಪದರ ಹಾಕಿ, ಬಣ್ಣ ಹೊಡೆಸುವ ಖರ್ಚು ಇಂಜಿನ್ ಬಿಚ್ಚಿ ಕಟ್ಟುವ ಖರ್ಚಿಗೂ ಮೀರಬಹುದು. ಹೀಗಾಗಿ ಬಣ್ಣ ಮಾಸಿದರೂ ಚಾಸಿ ಗಟ್ಟಿ ಇರುವ ಕಾರನ್ನು ಕೊಂಡು, ಮಾಸಿದ ಬಣ್ಣದಲ್ಲೇ ಓಡಿಸುವವರು ಜಾಣರು ಎಂದು ನನ್ನ ಅಭಿಪ್ರಾಯ.

ಇಂಜಿನ್, ಬೆಂಕಿ, ರಬ್ಬರ್

ಇಂಜಿನ್ ಗಟ್ಟಿಮುಟ್ಟು. ಅದರ ಒಂದೇ ಒಂದು ಕುಖ್ಯಾತ ದೌರ್ಬಲ್ಯ ವಾಟರ್ ಪಂಪು. ಬೇರೆ ಕಾರುಗಳಲ್ಲಿ ಪಂಪು ಹೊರಗೆ ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ. ಇಲ್ಲಿ ಟೈಮಿಂಗ್ ಚೈನಿನ ಕವರಿನೊಳಗೇ ಇದೆ. ಬದಲಿಸಬೇಕೆಂದರೆ ಇಂಜಿನ್ನಿನ ಮುಂಭಾಗವನ್ನೇ ಬಿಚ್ಚಬೇಕು. ಇಂಜಿನ್ ನಿಲ್ಲಿಸಿ ಪಂಪಿನ ಪುಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಟ ಕಂಡರೆ, ಕೆಳಗಿನ ಪುಟ್ಟ ರಂಧ್ರದಲ್ಲಿ ನೀರಿನ ಕಲೆ ಕಂಡರೆ, ಬೆಲೆಯಲ್ಲಿ ಆ ಖರ್ಚು ಕಳೆಯಿರಿ. ಕೊಂಡ ಮೇಲೆ ಬೆಲ್ಟನ್ನು ಅತಿಯಾಗಿ ಬಿಗಿಯಬೇಡಿ, ಪಂಪಿನ ಬೇರಿಂಗ್ ಸಾಯುವುದು ಹೆಚ್ಚಾಗಿ ಅದರಿಂದಲೇ. ಪಕ್ಕದಲ್ಲೇ ಚೈನ್ ಬಿಗಿಮಾಡುವ ಸ್ಕ್ರೂ ಇದೆ. ಅದು ಕೊನೆಯವರೆಗೂ ಒಳಗೆ ಹೋಗಿದ್ದರೆ ಚೈನು ಸವೆದಿದೆ. ಚೆನ್ನಾಗಿ ಬಿಸಿಯಾದ ಇಂಜಿನ್ 3000 ಆರ್‌ಪಿಎಂನಲ್ಲಿ 35ರಿಂದ 40 ಪಿಎಸ್‌ಐ ಆಯಿಲ್ ಒತ್ತಡ ತೋರಿಸಿದರೆ ಸಮಾಧಾನ.

ಬೆಂಕಿಯ ಮಾತು ಸ್ವಲ್ಪ ಗಂಭೀರ. ವೆಬರ್ ಕಾರ್ಬೊರೇಟರ್‌ಗಳ ಕೆಳಗೇ ಡಿಸ್ಟ್ರಿಬ್ಯೂಟರ್ ಇದೆ. ಮೇಲಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಕೆಳಗೆ ಕಿಡಿ ಕಾದಿರುತ್ತದೆ, ಸುತ್ತಲಿರುವುದು ಉರಿಯುವ ಫೈಬರ್‌ಗ್ಲಾಸ್. ಸುಟ್ಟು ಕರಕಲಾದ ಎಲಾನ್‌ಗಳ ಕತೆಗಳು ಕ್ಲಬ್ಬುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಅದು ತಿಂದುಹಾಕುತ್ತದೆ. ಮೊದಲ ವಾರದಲ್ಲೇ ಎಲ್ಲ ಪೆಟ್ರೋಲ್ ಪೈಪುಗಳನ್ನೂ ಎಥೆನಾಲ್ ತಾಳುವ ಹೊಸ ಪೈಪಿಗೆ ಬದಲಿಸಿ, ಶೇ. 5ರ ಒಳಗಿನ ಸೂಪರ್ ಪೆಟ್ರೋಲನ್ನೇ ಹಾಕಿ, ಕೈಗೆಟುಕುವಲ್ಲಿ ಅಗ್ನಿಶಾಮಕ ಸಿಲಿಂಡರ್ ಬಿಗಿಯಿರಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ‘ಹಳೆಯ ಕಾರು, ಹಾಗೇ’ ಎನ್ನುವ ಮಾತು ಕೇಳಬೇಡಿ. ನಿಲ್ಲಿಸಿ, ನೋಡಿ.

ಡಿಫರೆನ್ಷಿಯಲ್‌ನಿಂದ ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟುಗಳಲ್ಲಿ ದಪ್ಪ ರಬ್ಬರ್ ಉಂಗುರಗಳಿವೆ, ಒಟ್ಟು ನಾಲ್ಕು. ರೋಟೋಫ್ಲೆಕ್ಸ್ ಎನ್ನುತ್ತಾರೆ. ಕ್ಲಚ್ ಬಿಟ್ಟಾಗ ಇವು ತಿರುಚಿಕೊಂಡು ಬಿಚ್ಚಿಕೊಳ್ಳುತ್ತವೆ, ಕಾರು ಮುಂದೆ ಹಿಂದೆ ಜಗ್ಗುತ್ತದೆ. ಇದು ಕಾಯಿಲೆಯಲ್ಲ, ಕಾರಿನ ಸ್ವಭಾವ. ಆದರೆ ರಬ್ಬರ್ ಬಿರುಕು ಬಿಟ್ಟಿದ್ದರೆ ಅದು ಕಾಯಿಲೆ. ವೇಗದಲ್ಲಿ ತುಂಡಾದ ಶಾಫ್ಟು ಸುತ್ತಲಿನ ಎಲ್ಲವನ್ನೂ ಬಡಿದು ಹಾಕುತ್ತದೆ. ಅನೇಕರು ರಬ್ಬರ್ ತೆಗೆಸಿ ಆಧುನಿಕ ಸಿವಿ ಜಾಯಿಂಟಿನ ಶಾಫ್ಟು ಹಾಕಿಸಿದ್ದಾರೆ. ಪೇಟೆಯಲ್ಲಿ ಓಡಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಎಲೆಕ್ಟ್ರಿಕ್ ಕಿರಿಕಿರಿಗೆ ಒಂದೇ ಮಾತು: ಫೈಬರ್ ಬಾಡಿಯಲ್ಲಿ ವಿದ್ಯುತ್ ಹರಿಯದು, ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರು ಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ ಅರ್ತ್ ಹುಡುಕಿ, ಬಲ್ಬ್ ಬದಲಿಸಬೇಡಿ. ಇನ್ನು ಮುಂಚಕ್ರದ, ಟ್ರಯಂಫ್‌ನಿಂದ ಬಂದ ಟ್ರನಿಯನ್ ಎಂಬ ಕೀಲಿಗೆ ಬೇಕಾದದ್ದು ಗೇರ್ ಆಯಿಲ್. ಗ್ರೀಸ್ ತುಂಬಿ ತುಂಬಿ ಒಣಗಿಸಿ ಮುರಿದುಕೊಂಡವರು ಹೆರಾಲ್ಡ್ ಕಾಲದಿಂದಲೂ ಇದ್ದಾರೆ.

ಕಾಗದಪತ್ರದ ಹೊರೆ ಬ್ರಿಟನ್ನಿನಲ್ಲಿ ಕಡಿಮೆ. ನಲವತ್ತು ವರ್ಷ ದಾಟಿದ ಕಾರನ್ನು ‘ಐತಿಹಾಸಿಕ’ ವರ್ಗಕ್ಕೆ ಸೇರಿಸಿಕೊಂಡರೆ ರಸ್ತೆ ತೆರಿಗೆ ಇಲ್ಲ, ಲಂಡನ್ನಿನ ಮಾಲಿನ್ಯ ವಲಯದ ಶುಲ್ಕವೂ ಇಲ್ಲ. ಭಾರಿ ಬದಲಾವಣೆ ಮಾಡಿರದ ಕಾರಿಗೆ 2018ರ ಮೇ ತಿಂಗಳಿಂದ ನಮ್ಮ ಎಫ್‌ಸಿಯಂಥ ವಾರ್ಷಿಕ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಆದರೂ ವರ್ಷಕ್ಕೊಮ್ಮೆ ಮಾಡಿಸಿ. ಲಿಫ್ಟಿನ ಮೇಲೆ ಕಾರನ್ನೆತ್ತಿ ಅಪರಿಚಿತ ಕಣ್ಣೊಂದು ನೋಡುವುದಕ್ಕೆ ಆ ಶುಲ್ಕ ದುಬಾರಿಯಲ್ಲ. ಮಾರುವವರು ಎಷ್ಟೋ ವರ್ಷದಿಂದ ಎಂಒಟಿ ಮಾಡಿಸಿಲ್ಲವೆಂದರೆ, ನಿಮಗಾಗಿ ಒಮ್ಮೆ ಮಾಡಿಸಿಕೊಡಲು ಕೇಳಿ. ವಿಮೆ ಮಾಡಿಸುವಾಗ ಮೊದಲೇ ಒಪ್ಪಿಕೊಂಡ ಮೌಲ್ಯದ ಪಾಲಿಸಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಅಪಘಾತದ ನಂತರ ಕಾರಿನ ಬೆಲೆಯ ಮೇಲೆ ವಾದ ಮಾಡಬೇಕಾಗುತ್ತದೆ.

ಓಡಿಸುವಾಗ

ಪೆಡಲುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ದಪ್ಪ ಅಟ್ಟೆಯ ಬೂಟು ಹಾಕಿ ಹತ್ತಿದರೆ ಬ್ರೇಕಿನ ಜೊತೆಗೆ ಆಕ್ಸಿಲರೇಟರನ್ನೂ ಒತ್ತುತ್ತೀರಿ. ತೆಳು ಅಟ್ಟೆಯ ಶೂ ಹಾಕಿ. ತಣ್ಣಗಿನ ಇಂಜಿನ್ ಮೊದಲ ಹತ್ತು ನಿಮಿಷ ಮುನಿಸಿಕೊಂಡಿರುತ್ತದೆ, ಕೆಮ್ಮುತ್ತದೆ. ಎಣ್ಣೆ ಬಿಸಿಯಾಗುವ ತನಕ ಎಳೆಯಬೇಡಿ. ಆಮೇಲೆ 6500 ಆರ್‌ಪಿಎಂವರೆಗೆ ಸಲೀಸಾಗಿ ಏರುತ್ತದೆ. ಅಲ್ಲಿಗೆ ಮುಟ್ಟಿದಾಗ ಮೂಲ ಡಿಸ್ಟ್ರಿಬ್ಯೂಟರಿನ ರೋಟರೇ ಕಿಡಿ ಕತ್ತರಿಸಿ ಇಂಜಿನ್ನನ್ನು ಕಾಪಾಡುತ್ತದೆ.

ಸ್ಪೋರ್ಟ್ಸ್ ಕಾರೆಂದರೆ ಸೊಂಟ ಮುರಿಯುವ ಗಡಸು ಸಸ್ಪೆನ್ಷನ್ ಎಂದು ನಂಬಿದವರಿಗೆ ಎಲಾನ್ ಅಚ್ಚರಿ. ಸ್ಪ್ರಿಂಗುಗಳು ಮೃದು, ಚಕ್ರ ಮೇಲೆ ಕೆಳಗೆ ಚಲಿಸುವ ದೂರ ಹೆಚ್ಚು. ಹೊರುವ ಭಾರ ಕಡಿಮೆ ಇದ್ದುದರಿಂದಲೇ ಮೃದು ಸ್ಪ್ರಿಂಗು ಸಾಕಾಯಿತು. ವೇಲ್ಸ್‌ನ ಬೆಟ್ಟದ ರಸ್ತೆಯಲ್ಲೋ ನಾರ್‌ಫೋಕಿನ ಬೇಲಿಗಳ ನಡುವಿನ ಕಿರುದಾರಿಯಲ್ಲೋ ಉಬ್ಬುತಗ್ಗು ಬಂದಾಗ ಕಾರು ವಾಲುತ್ತದೆ, ತೇಲುತ್ತದೆ, ಆದರೆ ಟೈರು ನೆಲ ಬಿಡುವುದಿಲ್ಲ. ಹೊಸಬರು ಆ ವಾಲುವಿಕೆಗೆ ಹೆದರಿ ಗಡಸು ಸ್ಪ್ರಿಂಗ್, ಅಗಲ ಟೈರು ಹಾಕಿಸುತ್ತಾರೆ. ಹಾಗೆ ಮಾಡಿದರೆ ಈ ಕಾರನ್ನು ಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಮೂಲದಲ್ಲಿ 13 ಅಂಗುಲದ ಚಕ್ರಕ್ಕೆ 145 ಅಥವಾ 155ರ ಕಿರಿದಾದ ಟೈರು. ಅಷ್ಟೇ ಇರಲಿ.

ಸ್ಟಿಯರಿಂಗ್ ಅನ್ನು ಬೆರಳ ತುದಿಯಲ್ಲಿ ಹಿಡಿಯಿರಿ. ಪವರ್ ಸ್ಟಿಯರಿಂಗ್ ಇಲ್ಲ, ಬೇಕಾಗಿಯೂ ಇಲ್ಲ. ರಸ್ತೆಯ ಒದ್ದೆ ತೇಪೆ, ಸಡಿಲ ಜಲ್ಲಿ ಎಲ್ಲ ಕೈಗೆ ತಿಳಿಯುತ್ತದೆ. ಮೆಕ್‌ಲಾರೆನ್ ಎಫ್1 ಕಾರಿನ ವಿನ್ಯಾಸಕ ಗಾರ್ಡನ್ ಮರ್ರಿ ತನ್ನ ಕಾರಿಗೆ ಎಲಾನ್‌ನಂಥ ಸ್ಟಿಯರಿಂಗ್ ಕೊಡಲಾಗಲಿಲ್ಲ ಎಂದು ಕೊರಗಿದ್ದು ಕಾರುಪ್ರಿಯರ ವಲಯದಲ್ಲಿ ಹೆಸರುವಾಸಿ ಮಾತು. ತಿರುವಿಗೆ ಮುನ್ನ ನೇರದಲ್ಲೇ ಬ್ರೇಕ್ ಮುಗಿಸಿ, ಗೇರ್ ಇಳಿಸಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟುಕೊಂಡು ತಿರುಗಿ. ನಡುವೆ ಗಾಬರಿಯಿಂದ ಕಾಲು ಪೂರ್ತಿ ಎತ್ತಿದರೆ ಹಗುರ ಹಿಂಭಾಗ ಹೊರಗೆ ಜಾರಬಹುದು, ಮಳೆಯಲ್ಲಂತೂ ಖಂಡಿತ ಎಚ್ಚರ.

ಮೋಟಾರ್‌ವೇಯಲ್ಲಿ ಎಲಾನ್‌ಗೆ ಸುಖವಿಲ್ಲ. ನಾಲ್ಕೇ ಗೇರು, ಗಂಟೆಗೆ 70 ಮೈಲಿಯಲ್ಲಿ ಇಂಜಿನ್ ನಾಲ್ಕು ಸಾವಿರದ ಆಸುಪಾಸು ಗಿರಗುಡುತ್ತದೆ. ದೂರ ಪ್ರಯಾಣ ಹೆಚ್ಚಿದ್ದರೆ ಐದು ಗೇರಿನ ಬದಲಿ ಪೆಟ್ಟಿಗೆ ಹಾಕಿಸಿಕೊಂಡವರ ದಾರಿ ಹಿಡಿಯಿರಿ. ಅದಕ್ಕಿಂತ ಮುಖ್ಯವಾದದ್ದು ಕಾರಿನ ಎತ್ತರ: ನಾಲ್ಕಡಿಗೂ ಕಡಿಮೆ. ಲಾರಿ ಚಾಲಕನ ಕನ್ನಡಿಯಲ್ಲಿ ನೀವಿಲ್ಲ. ಲಾರಿಯ ಮಗ್ಗುಲಲ್ಲಿ ನಿಲ್ಲಬೇಡಿ. ದಾಟಿ ಮುಂದೆ ಹೋಗಿ, ಇಲ್ಲವೇ ಹಿಂದೆಯೇ ದೂರ ಉಳಿಯಿರಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಬಾಗಿಲು ಎಂದರೆ ತೆಳು ಫೈಬರ್. ರಾತ್ರಿ ಹೊರಡುವವರು ಹೆಡ್‌ಲೈಟನ್ನು ಮನೆಯಲ್ಲೇ ಪರೀಕ್ಷಿಸಿ: ಮೊದಲ ಮಾದರಿಗಳಲ್ಲಿ ದೀಪ ಎತ್ತಿ ಹಿಡಿಯುವುದೇ ನಿರ್ವಾತ, ಅದು ಸೋರಿದರೆ ಓಡುತ್ತಿರುವಾಗಲೇ ದೀಪ ಕಣ್ಣು ಮುಚ್ಚುತ್ತದೆ. ಹ್ಯಾಂಡ್‌ಬ್ರೇಕ್ ನಂಬಿ ಇಳಿಜಾರಿನಲ್ಲಿ ನಿಲ್ಲಿಸಬೇಡಿ, ಗೇರಿನಲ್ಲಿಡಿ. ಸ್ಪ್ಯಾನರ್ ಬದಲು ಸುತ್ತಿಗೆಯಲ್ಲಿ ಬಿಗಿಯುವ ನಟ್ಟಿನ ಚಕ್ರಗಳಿದ್ದರೆ ತಾಮ್ರದ ಸುತ್ತಿಗೆ ಡಿಕ್ಕಿಯಲ್ಲಿರಲಿ. ಎಡಬದಿಗೂ ಬಲಬದಿಗೂ ತಿರುಗಿಸುವ ದಿಕ್ಕು ಬೇರೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತ, ಅಲ್ಲಿ ಕೊಂಡು ಇಲ್ಲಿಗೆ ತರಿಸೋಣ ಎಂದು ಲೆಕ್ಕ ಹಾಕುವವರಿಗೆ ಎರಡು ಮಾತು. ಹಳೆಯ ವಾಹನಗಳ ಆಮದು ನಿಯಮಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಸುಂಕವೂ ಭಾರಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಚಾಲ್ತಿ ಅಧಿಸೂಚನೆಯನ್ನು ಕಸ್ಟಮ್ಸ್ ಏಜೆಂಟರೊಡನೆ ಕೂತು ಓದುವ ಮೊದಲು ಮುಂಗಡ ಕೊಡಬೇಡಿ. ಇಲ್ಲಿನ ಪೆಟ್ರೋಲ್‌ನಲ್ಲಿ ಈಗ ಶೇ. 20 ಎಥೆನಾಲ್ ಇದೆ, ಪೈಪಿನ ವಿಷಯದಲ್ಲಿ ಮೇಲೆ ಹೇಳಿದ ಎಚ್ಚರಿಕೆ ಇಲ್ಲಿ ಇಮ್ಮಡಿ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 2021ರ ಕೇಂದ್ರ ನಿಯಮಗಳ ಪ್ರಕಾರ ‘ವಿಎ’ ಅಕ್ಷರವಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಈ ನೋಂದಣಿಯ ಕಾರನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು.